ಎಡಗಡೆ ಇಂಡಿಕೇಟರಿಗೆ ಏಕಿಷ್ಟು ಅವಸರ?

ತಿಪಟೂರು ದಾಟಿ ಅರಸೀಕೆರೆ ಕಡೆಗೆ ಹೊರಟರೆ ಬಿ.ಎಚ್. ರಸ್ತೆಯ ಎಡಬದಿಗೆ ಪಂಕ್ಚರ್, ವೆಲ್ಡಿಂಗ್, ಲೇತ್, ಬ್ಯಾಟರಿ ಅಂಗಡಿಗಳು ಸಾಲಾಗಿ ಸಿಗುತ್ತವೆ. ಅವುಗಳ ನಡುವೆ ಒಂದು ತಗಡಿನ ಶೆಡ್ಡು ಆಟೊ ಎಲೆಕ್ಟ್ರಿಷಿಯನ್ ಒಬ್ಬನದು. ಮೊನ್ನೆ ಸಂಜೆ ಅದರ ಮುಂದೆ ಇಪ್ಪತ್ತು ವರ್ಷ ದಾಟಿದ ಕೊಬ್ಬರಿ ಲಾರಿಯೊಂದು ನಿಂತಿತ್ತು. ಎಫ್‌ಸಿಗೆಂದು, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು, ಮೈತುಂಬ ಹೊಸ ಬಣ್ಣ ಬಳಿಸಿಕೊಂಡು ಮದುವೆ ಮನೆಗೆ ಹೊರಟ ಮುದುಕನ ಹಾಗಿತ್ತು. ಬಲಗಡೆಯ ಇಂಡಿಕೇಟರ್ ಸಮಾಧಾನವಾಗಿ ಹತ್ತಿ ಆರುತ್ತಿತ್ತು. ಎಡಗಡೆಯದಕ್ಕೆ ಮಾತ್ರ ಎಲ್ಲಿಲ್ಲದ ಅವಸರ. ಓಡಿ ಬಂದು ಬಸ್ಸು ಹಿಡಿದವನ ಎದೆಯಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಒಂದೇ ತಿಂಗಳಲ್ಲಿ ಮೂರು ಫ್ಲ್ಯಾಷರ್ ಹಾಕ್ಸಿದೀನಿ ಕಣಣ್ಣ," ಅಂದ ಡ್ರೈವರ್.

"ಹಂಗಾದ್ರೆ ನಾಲ್ಕನೇದು ಹಾಕ್ಬಿಡ್ಲಾ?" ಅಂದ ಮೇಸ್ತ್ರಿ, ಕೂತಲ್ಲಿಂದ ಏಳದೆ.

ಹಳೇ ಲಾರಿ, ಟೆಂಪೊ, ಮಿನಿ ಲಾರಿ ಇಟ್ಟುಕೊಂಡವರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಇಂಡಿಕೇಟರ್ ಓಡುತ್ತದೆ, ಇಲ್ಲವೇ ಹತ್ತಿಕೊಂಡು ನಿಂತುಬಿಡುತ್ತದೆ, ಇಲ್ಲವೇ ಒಂದು ಕಡೆ ಸತ್ತೇ ಹೋಗುತ್ತದೆ. ಫ್ಲ್ಯಾಷರ್ ಬದಲಾಯಿಸಿದರೂ ಹಾಗೇ ಇದೆ, ಏನು ಮಾಡೋಣ? ಉತ್ತರ ಸರಳ, ಕೇಳಿದವರಿಗೆ ಹಿಡಿಸುವುದು ಮಾತ್ರ ಅಪರೂಪ: ಹತ್ತರಲ್ಲಿ ಹೆಚ್ಚಿನ ಸಲ ಫ್ಲ್ಯಾಷರಿನ ತಪ್ಪೇ ಇರುವುದಿಲ್ಲ. ಅದು ದೂರು ಹೇಳುತ್ತಿರುತ್ತದೆ. ದೂರು ಹೇಳಿದವನನ್ನೇ ಕಿತ್ತು ಬಿಸಾಡಿ ಹೊಸಬನನ್ನು ತಂದು ಕೂರಿಸಿದರೆ ಅವನೂ ಅದೇ ದೂರು ಹೇಳುತ್ತಾನೆ.

ಫ್ಲ್ಯಾಷರ್ ಎಂದರೆ ಡ್ಯಾಶ್‌ಬೋರ್ಡಿನ ಒಳಗೆ ಎಲ್ಲೋ ಅಡಗಿ ಕೂತು 'ಟಿಕ್ ಟಿಕ್' ಎನ್ನುವ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಹಳೇ ಕಾಲದ್ದು ದುಂಡನೆಯ ಅಲ್ಯುಮಿನಿಯಂ ಡಬ್ಬಿ. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ, ದೀಪ ಆರುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಸೊಗಸೇನೆಂದರೆ, ಪಟ್ಟಿಯನ್ನು ಬಿಸಿ ಮಾಡುವುದು ಬಲ್ಬುಗಳಿಗೆ ಹರಿಯುವ ಕರೆಂಟೇ. ಹಾಗಾಗಿ ಒಂದು ಬಲ್ಬು ಸುಟ್ಟರೆ ಕರೆಂಟು ಅರ್ಧವಾಗಿ, ಪಟ್ಟಿಗೆ ಸಾಕಷ್ಟು ಕಾವು ಸಿಗದೆ ಇಂಡಿಕೇಟರ್ ತೂಕಡಿಸುತ್ತದೆ, ಕೆಲವೊಮ್ಮೆ ಹತ್ತಿದ್ದು ಹತ್ತಿಕೊಂಡೇ ಇರುತ್ತದೆ. ಆಮೇಲೆ ಬಂದ ಎಲೆಕ್ಟ್ರಾನಿಕ್ ಫ್ಲ್ಯಾಷರ್ ತದ್ವಿರುದ್ಧ. ಅದು ಹರಿಯುವ ಕರೆಂಟನ್ನು ಅಳೆದು ನೋಡುತ್ತದೆ. ಕಡಿಮೆಯಾಯಿತು ಎನಿಸಿದರೆ ಬೇಕೆಂದೇ ವೇಗವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತದೆ. ಡ್ರೈವರಿಗೆ 'ಹೊರಗೊಂದು ಬಲ್ಬು ಉರಿಯುತ್ತಿಲ್ಲ, ಇಳಿದು ನೋಡಪ್ಪ' ಎಂದು ತಿಳಿಸಲೆಂದೇ ಹಾಗೆ ಮಾಡಿರುವುದು.

ದೊಡ್ಡ ಲಾರಿಗಳದ್ದು 24 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಇಂಡಿಕೇಟರ್ ಬಲ್ಬು ಸಾಮಾನ್ಯವಾಗಿ 21 ವಾಟ್. ಅಂದರೆ ಒಂದು ಬಲ್ಬಿಗೆ ಹೆಚ್ಚುಕಡಿಮೆ 0.9 ಆಂಪಿಯರ್, ಮುಂದಿನದು ಹಿಂದಿನದು ಸೇರಿ ಒಂದು ಬದಿಗೆ 1.75. ಫ್ಲ್ಯಾಷರಿಗೆ ಗೊತ್ತಿರುವುದು ಈ ಲೆಕ್ಕವೊಂದೇ. ಲೆಕ್ಕ ಸರಿಯಿದ್ದರೆ ನಿಮಿಷಕ್ಕೆ 60ರಿಂದ 120ರೊಳಗೆ ಮಿಟುಕುತ್ತದೆ, ವಾಹನ ದೀಪಗಳ ಮಾನದಂಡ ಕೇಳುವುದೂ ಅಷ್ಟನ್ನೇ. ಬಲ್ಬೇ ಸುಟ್ಟಿದೆಯೋ, ಹೋಲ್ಡರಿಗೆ ಕಿಲುಬು ಹಿಡಿದಿದೆಯೋ, ವೈರು ತುಂಡಾಗಿದೆಯೋ ಎಂಬುದು ಅದಕ್ಕೆ ಕಾಣುವುದಿಲ್ಲ. ಕರೆಂಟು ಕಡಿಮೆ ಎಂದಷ್ಟೇ ಗೊತ್ತು.

ಶೆಡ್ಡಿನ ಹುಡುಗ ಡಿಜಿಟಲ್ ಮೀಟರ್ ಹಿಡಿದು ಲಾರಿಯ ಹಿಂದಕ್ಕೆ ಹೋದ. ಹಿಂದಿನ ಎಡ ದೀಪದ ಗಾಜು ಬಿಚ್ಚಿದರೆ ಬಲ್ಬು ಚೆನ್ನಾಗಿತ್ತು. ಅದನ್ನು ತೆಗೆದು ಹೋಲ್ಡರಿನ ಒಳಗೆ ಮೀಟರಿನ ಎರಡೂ ಕಡ್ಡಿ ಮುಟ್ಟಿಸಿದ. 24 ಕಾಣಿಸಿ ಮಾಯವಾಗುತ್ತಿತ್ತು. "ಕರೆಂಟ್ ಫುಲ್ ಬರ್ತೈತೆ," ಎಂದು ಕೂಗಿದ. ಆಗ ಮೇಸ್ತ್ರಿ ಎದ್ದ. ಅವನ ಕೈಯಲ್ಲಿದ್ದದ್ದು ಒಂದು ಹಳೇ ಹೋಲ್ಡರು, ಅದಕ್ಕೊಂದು 21 ವಾಟಿನ ಬಲ್ಬು, ಎರಡು ಮೊಳ ವೈರು, ತುದಿಗೆರಡು ಮೊಳೆ. ಟೆಸ್ಟ್ ಲ್ಯಾಂಪ್. ಅದೇ ಎರಡು ಜಾಗಕ್ಕೆ ಮೊಳೆ ಮುಟ್ಟಿಸಿದರೆ ಬಲ್ಬು ಆರಿಹೋಗುವ ಕೆಂಡದ ಹಾಗೆ ಮಿಣುಗಿತು, ಅಷ್ಟೇ.

ಇದು ಗಮನಿಸಬೇಕಾದ ಜಾಗ. ಮೀಟರು ಸುಳ್ಳು ಹೇಳಲಿಲ್ಲ. ಅದಕ್ಕೆ ಬೇಕಾದ ಕರೆಂಟು ಇರುವೆಯ ಆಹಾರದಷ್ಟು. ಹತ್ತು ಎಳೆಗಳಲ್ಲಿ ಒಂಬತ್ತು ಹರಿದ ವೈರಿನಲ್ಲೂ, ತುಕ್ಕಿನ ಸಂದಿಯಲ್ಲೂ ಅಷ್ಟು ನುಸುಳಿ ಬರುತ್ತದೆ. ಹಾಗಾಗಿ 24 ಎಂದು ತೋರಿಸುತ್ತದೆ. ಬಲ್ಬಿಗೆ ಬೇಕಾದದ್ದು ಅದರ ಸಾವಿರಾರು ಪಟ್ಟು. ಟೆಸ್ಟ್ ಲ್ಯಾಂಪ್ ನಿಜವಾದ ಹೊರೆ ಹೊರಿಸಿ ನೋಡುತ್ತದೆ. ಸಂತೆಗೆ ಹೋಗಿ ಎತ್ತು ಕೊಳ್ಳುವವರು ಹಲ್ಲು ಎಣಿಸಿ ಸುಮ್ಮನಾಗದೆ ನೊಗಕ್ಕೆ ಹೂಡಿ ನೋಡುತ್ತಾರಲ್ಲ, ಹಾಗೆ. ಬೆಲೆಬಾಳುವ ಮೀಟರಿಗಿಂತ ಈ ಬಲ್ಬಿನ ಮೇಲೆ ಹಳೇ ಮೇಸ್ತ್ರಿಗಳಿಗೆ ನಂಬಿಕೆ ಹೆಚ್ಚಿರುವುದಕ್ಕೆ ಇದೇ ಕಾರಣ. (ಹೊಸ ಗಾಡಿಗಳ ಕಂಪ್ಯೂಟರ್ ವೈರುಗಳಿಗೆ ಮಾತ್ರ ಇದನ್ನು ಮುಟ್ಟಿಸಬಾರದು, ಅಷ್ಟು ಕರೆಂಟು ಎಳೆದರೆ ಒಳಗಿನದ್ದು ಸುಟ್ಟುಹೋಗಬಹುದು.)

ಮೇಸ್ತ್ರಿ ಒಂದು ಮೊಳೆಯನ್ನು ಹೋಲ್ಡರಿನ ನಡುವಿನ ತುದಿಗೆ ಹಾಗೇ ಹಿಡಿದು, ಇನ್ನೊಂದನ್ನು ಚಾಸಿಗೆ ಒತ್ತಿ ಬಣ್ಣ ಕೆರೆಯುವಂತೆ ತಿರುವಿದ. ಬಲ್ಬು ಕಣ್ಣು ಕುಕ್ಕುವಂತೆ ಹತ್ತಿತು. ಬರುವ ಕರೆಂಟು ಸರಿ ಇದೆ; ಮರಳಿ ಹೋಗುವ ದಾರಿ ಮುಚ್ಚಿದೆ. ಅರ್ತ್ ಇಲ್ಲ.

ಗಾಡಿಯಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬಿನ ಮೂಲಕ ಹಾದು, ಚಾಸಿಯ ಕಬ್ಬಿಣವನ್ನೇ ದಾರಿ ಮಾಡಿಕೊಂಡು ಮೈನಸ್‌ಗೆ ಮರಳಬೇಕು. ದೀಪದ ತಗಡು ಚಾಸಿಗೆ ಬಿಗಿಯಾಗಿ ಕೂತಿರಬೇಕು, ಇಲ್ಲವೇ ಅಲ್ಲಿಗೊಂದು ಅರ್ತ್ ವೈರ್ ಇರಬೇಕು. ಮರದ ಬಾಡಿಯ ಹಳೇ ಲಾರಿಗಳಲ್ಲಿ ಇದು ಇನ್ನೂ ಸೂಕ್ಷ್ಮ, ಮರದೊಳಗೆ ಕರೆಂಟು ಹರಿಯುವುದಿಲ್ಲವಲ್ಲ. ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಬಾಡಿ ಕಟ್ಟುತ್ತಿದ್ದದ್ದು ನಾಮಕ್ಕಲ್‌ನಲ್ಲೋ ಇಲ್ಲೇ ಊರಿನ ಶೆಡ್ಡಿನಲ್ಲೋ. ದೀಪಗಳಿಗೆ ವೈರು ಎಳೆದವರು ಬಡಗಿಯ ಪಕ್ಕದಲ್ಲಿ ನಿಂತು ಅವಸರದಲ್ಲಿ ಎಳೆದವರು. ಎರಡು ವೈರು ಹುರಿಗೊಳಿಸಿ ಟೇಪು ಸುತ್ತಿದರೆ ಮುಗಿಯಿತು. ಆ ಟೇಪು ಇಪ್ಪತ್ತು ಮಳೆಗಾಲ ಕಂಡಿರುತ್ತದೆ. ಮಲ್ಪೆಯಿಂದ ಮೀನು ಹೊರುವ ಲಾರಿಯಾದರೆ ಇಪ್ಪತ್ತು ಬೇಡ, ಎರಡೇ ಸಾಕು. ಸೋರುವ ಉಪ್ಪು ನೀರು ತಾಮ್ರವನ್ನು ಹಸಿರು ಪುಡಿ ಮಾಡಿಬಿಡುತ್ತದೆ.

ಈ ಕೊಬ್ಬರಿ ಲಾರಿಯ ಕತೆ ಮಾತ್ರ ಬೇರೆ. ದೀಪದ ಬ್ರಾಕೆಟ್ ಬಿಚ್ಚಿದಾಗ ಅದರ ಹಿಂಬದಿಯಲ್ಲಿ, ಬೋಲ್ಟು ಕೂರುವ ತೂತಿನ ಸುತ್ತ, ಹೊಸ ಬಣ್ಣ ನುಣ್ಣಗೆ ಹೊಳೆಯುತ್ತಿತ್ತು. ಚಾಸಿಯ ಮೇಲೂ ಒಂದು ಪದರ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ಲಕ್ಷಣವಾಗಿ ಕಾಣಲಿ ಎಂದು ಪೇಂಟರ್ ದೀಪಗಳನ್ನು ಬಿಚ್ಚಿ, ಅಂದವಾಗಿ ಬಣ್ಣ ಹೊಡೆದು, ಒಣಗಿದ ಮೇಲೆ ಮತ್ತೆ ಕೂರಿಸಿದ್ದ. ಬಣ್ಣವೆಂದರೆ ಕರೆಂಟಿಗೆ ಗೋಡೆ. ಗಾಡಿ ಯೋಗ್ಯವಾಗಿದೆ ಎಂಬ ಕಾಗದ ಸಿಗಲೆಂದು ಮಾಡಿದ ಕೆಲಸವೇ ಇಂಡಿಕೇಟರಿನ ಕಾಲು ಮುರಿದಿತ್ತು. ಡ್ರೈವರ್ ಬಾಯಿ ಬಿಟ್ಟು ಹೇಳದಿದ್ದರೂ ಲೆಕ್ಕ ಹಾಕಿದ: ತೊಂದರೆ ಶುರುವಾಗಿದ್ದು ಬಣ್ಣ ಹೊಡೆಸಿದ ವಾರದಿಂದಲೇ.

ಅರ್ತ್ ಕೆಟ್ಟಿದೆ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ. ಸಂಜೆಗತ್ತಲಲ್ಲಿ ಗಾಡಿಯ ಹಿಂದೆ ನಿಂತು ನೋಡಿದರೆ ಸಾಕು. ಹೆಡ್‌ಲೈಟ್ ಆರಿಸಿ ಎಡ ಇಂಡಿಕೇಟರ್ ಹಾಕಿದಾಗ ಪಕ್ಕದ ಕೆಂಪು ದೀಪವೂ ಜೊತೆಗೆ ಮಿಣುಕುತ್ತಿದೆಯೇ? ಬ್ರೇಕ್ ತುಳಿದ ಕೂಡಲೇ ಇಂಡಿಕೇಟರ್ ಆರುತ್ತದೆಯೇ? ಹಾಗಿದ್ದರೆ ಬೇರೆ ಕಡೆ ಹುಡುಕುವುದೇ ಬೇಡ. ಒಂದೇ ಡಬ್ಬಿಯಲ್ಲಿರುವ ಮೂರ್ನಾಲ್ಕು ಬಲ್ಬುಗಳಿಗೆ ಅರ್ತ್ ಒಂದೇ. ಅದು ಮುಚ್ಚಿಹೋದರೆ ಇಂಡಿಕೇಟರಿನ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಇನ್ನೊಂದು ಬದಿಯ ದೀಪದ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಸುತ್ತು ದಾರಿಯಲ್ಲಿ ಸೊರಗಿದ ಕರೆಂಟನ್ನು ನೋಡಿದ ಫ್ಲ್ಯಾಷರ್ ಬಲ್ಬು ಸುಟ್ಟಿದೆ ಎಂದುಕೊಳ್ಳುತ್ತದೆ, ಓಡಲು ಶುರುಮಾಡುತ್ತದೆ. ಮೂರು ಫ್ಲ್ಯಾಷರಿನ ದುಡ್ಡು ಹೋದದ್ದು ಹೀಗೆ. ಮೇಸ್ತ್ರಿ ಎರಡೂ ಕಡೆ ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ ಕಬ್ಬಿಣ ಹೊಳೆಯಿಸಿದ, ಹಲ್ಲಿನ ವಾಷರ್ ಹಾಕಿ ಬಿಗಿದ, ಮೇಲೆ ತುಸು ಗ್ರೀಸ್ ಸವರಿದ. ಹತ್ತು ನಿಮಿಷದ ಕೆಲಸ.

ಫ್ಲ್ಯಾಷರ್ ಕೆಡುವುದೇ ಇಲ್ಲವೆಂದಲ್ಲ. ಅದನ್ನು ಪರೀಕ್ಷಿಸಲು ಹೊಸದು ಕೊಳ್ಳಬೇಕಿಲ್ಲ, ಅಷ್ಟೇ. ಬಹಳಷ್ಟು ಫ್ಲ್ಯಾಷರುಗಳ ಬುಡದಲ್ಲಿ 49, 49ಎ, 31 ಎಂಬ ಅಂಕಿಗಳಿರುತ್ತವೆ. ಇವು ಜರ್ಮನ್ ಮಾನದಂಡದ ಸಂಖ್ಯೆಗಳು: 49 ಒಳಬರುವ ಕರೆಂಟು, 49ಎ ಹೊರಹೋಗುವುದು, 31 ಅರ್ತ್. 1954ರಲ್ಲಿ ಟಾಟಾ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದ ಕಾಲದ ನಂಟು ಗೊತ್ತಿಲ್ಲದಿದ್ದರೂ ನಮ್ಮ ಮೇಸ್ತ್ರಿಗಳಿಗೆ ಈ ಅಂಕಿಗಳು ಬಾಯಿಪಾಠ. ಫ್ಲ್ಯಾಷರ್ ಕಿತ್ತು, 49 ಮತ್ತು 49ಎ ಜಾಗಗಳಿಗೆ ಒಂದು ತುಂಡು ವೈರು ಸಿಕ್ಕಿಸಿ, ಇಂಡಿಕೇಟರ್ ಹಾಕಬೇಕು. ಆ ಬದಿಯ ಬಲ್ಬುಗಳೆಲ್ಲ ಮಿಟುಕದೆ ಪ್ರಕಾಶವಾಗಿ ಹತ್ತಿಕೊಂಡರೆ ವೈರು, ಬಲ್ಬು, ಅರ್ತ್ ಎಲ್ಲ ನೆಟ್ಟಗಿವೆ, ಫ್ಲ್ಯಾಷರೇ ಕೆಟ್ಟಿದೆ. ಹತ್ತದಿದ್ದರೆ ಅಂಗಡಿಗೆ ಹೋಗುವ ಕೆಲಸವಿಲ್ಲ.

ಇನ್ನು ನಾಲ್ಕೂ ದೀಪ ಒಟ್ಟಿಗೆ ಮಿಟುಕುವ ಹಜಾರ್ಡ್. ಇದು ತೊಂದರೆಯೂ ಹೌದು, ತೊಂದರೆ ಹುಡುಕುವ ಸಾಧನವೂ ಹೌದು. ಇಂಡಿಕೇಟರಿಗೆ ಕೀಲಿ ತಿರುಗಿಸಿದ ಮೇಲಷ್ಟೇ ಕರೆಂಟು. ಹಜಾರ್ಡಿಗೆ ನೇರ ಬ್ಯಾಟರಿಯಿಂದ, ಬೇರೆ ಫ್ಯೂಸಿನಿಂದ. ಕೆಟ್ಟು ನಿಂತ ಗಾಡಿಯ ಕೀಲಿ ತೆಗೆದುಕೊಂಡು ಹೋದರೂ ಉರಿಯಬೇಕಲ್ಲ. ಬಲ್ಬುಗಳು ಮಾತ್ರ ಅವೇ, ಬಹುತೇಕ ಗಾಡಿಗಳಲ್ಲಿ ಫ್ಲ್ಯಾಷರೂ ಅದೇ. ಆದ್ದರಿಂದ ಹಜಾರ್ಡ್ ಸರಿಯಾಗಿ ಮಿಟುಕಿ ಇಂಡಿಕೇಟರ್ ಎರಡೂ ಕಡೆ ಸತ್ತಿದ್ದರೆ ಲಾರಿಯ ಹಿಂದೆ ಹೋಗಿ ದೀಪ ಬಿಚ್ಚುವುದು ದಂಡ. ಕೀಲಿ ಕಡೆಯ ಫ್ಯೂಸ್, ಸ್ಟೇರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್, ಇಲ್ಲವೇ ಯಾರೂ ಅನುಮಾನಿಸದ ಹಜಾರ್ಡ್ ಸ್ವಿಚ್ಚೇ, ಈ ಮೂರರಲ್ಲಿ ಒಂದು. ಎಷ್ಟೋ ಗಾಡಿಗಳಲ್ಲಿ ಇಂಡಿಕೇಟರಿನ ಕರೆಂಟು ಹಜಾರ್ಡ್ ಸ್ವಿಚ್ಚಿನ ಒಳಗೇ ಹಾದುಹೋಗುತ್ತದೆ. ವರ್ಷಗಟ್ಟಲೆ ಯಾರೂ ಒತ್ತದೆ ಬಿಟ್ಟ ಸ್ವಿಚ್ಚಿನೊಳಗಿನ ತಾಮ್ರಕ್ಕೆ ಧೂಳು, ಕಿಲುಬು ಕೂತು ಇಂಡಿಕೇಟರನ್ನೇ ಕೊಲ್ಲುತ್ತದೆ. ಅದನ್ನು ಇಪ್ಪತ್ತು ಸಲ ಒತ್ತಿ ಬಿಟ್ಟು ಮಾಡಿದರೆ ಉಜ್ಜಿಕೊಂಡು ತಾತ್ಕಾಲಿಕವಾಗಿ ಜೀವ ಬರುವುದುಂಟು. ಮಂತ್ರವಾದಿ ಕೆಲಸದಂತೆ ಕಾಣುತ್ತದೆ. ಡ್ರೈವರುಗಳು ಡ್ಯಾಶ್‌ಬೋರ್ಡಿಗೆ ಗುದ್ದಿ ಸರಿಮಾಡುವುದರ ಹಿಂದೆಯೂ ಇದೇ ವಿದ್ಯೆ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದು ಬೇರೆಯೇ ರೋಗ. ಎಲ್ಲೋ ವೈರಿನ ಸಿಪ್ಪೆ ಸವೆದು ಚಾಸಿಗೆ ತಾಗುತ್ತಿದೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಮುಂದೆ ಹೋಗುವ ಚಾಳಿ ಇನ್ನೂ ಇದೆ. ಆಗ ಫ್ಯೂಸಿನ ಬದಲು ಸುಡುವುದು ವೈರು, ಅದು ಬಿಟ್ಟರೆ ಕ್ಯಾಬಿನ್. ಮೇಸ್ತ್ರಿಗಳ ದಾರಿ ಚಂದ. ಫ್ಯೂಸಿನ ಜಾಗಕ್ಕೆ ಅದೇ ಟೆಸ್ಟ್ ಲ್ಯಾಂಪಿನ ಎರಡು ತುದಿ ಸಿಕ್ಕಿಸುತ್ತಾರೆ. ಶಾರ್ಟ್ ಇರುವವರೆಗೆ ಅದು ಪೂರ್ತಿ ಪ್ರಕಾಶವಾಗಿ ಉರಿಯುತ್ತದೆ, ಮತ್ತೇನೂ ಸುಡುವುದಿಲ್ಲ. ಒಬ್ಬ ಬಲ್ಬಿನ ಮೇಲೆ ಕಣ್ಣಿಡಬೇಕು, ಇನ್ನೊಬ್ಬ ವೈರಿನ ಕಂತೆಯನ್ನು ಮೊಳಮೊಳಕ್ಕೂ ಅಲುಗಾಡಿಸುತ್ತ ಹೋಗಬೇಕು. ಬಲ್ಬು ಮಂಕಾದ ಜಾಗವೇ ತಾಗುವ ಜಾಗ. ಸಾಮಾನ್ಯವಾಗಿ ಚಾಸಿಯ ಅಡ್ಡಪಟ್ಟಿ ದಾಟುವ ತೂತು, ಇಲ್ಲವೇ ಇಲಿ ಬಾಯಿ ಹಾಕಿದ ಮೂಲೆ.

ಎಲ್‌ಇಡಿ ಹಾಕಿಸಿದವರ ಪ್ರಶ್ನೆಗಳೂ ಕಡಿಮೆಯಿಲ್ಲ. ಎಲ್‌ಇಡಿ ನುಂಗುವ ಕರೆಂಟು ತೀರಾ ಕಡಿಮೆ. ಹಳೇ ಫ್ಲ್ಯಾಷರಿಗೆ ಅದು ಸುಟ್ಟ ಬಲ್ಬಿನಂತೆಯೇ ಕಾಣುತ್ತದೆ. ಅಂಗಡಿಯವರು ಒಂದು ರೆಸಿಸ್ಟರ್ ಜೋಡಿಸಿ ಕೊಡುತ್ತಾರೆ, ಉಳಿಸಿದ ಕರೆಂಟನ್ನೆಲ್ಲ ಅದು ಕಾವು ಮಾಡಿ ಚೆಲ್ಲುತ್ತದೆ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಷರ್ ಹಾಕಿಸುವುದು ಸರಿ. ಇದರ ಉಲ್ಟಾ ಇನ್ನೂ ಕೆಟ್ಟದ್ದು: ಚಂದಕ್ಕೆಂದು ಇಂಡಿಕೇಟರ್ ವೈರಿಗೆ ಉದ್ದಕ್ಕೂ ಬಣ್ಣದ ಬಲ್ಬು ನೇತುಹಾಕಿದರೆ ಒಂದು ಬಲ್ಬು ಹೋದದ್ದು ಫ್ಲ್ಯಾಷರಿಗೆ ಗೊತ್ತೇ ಆಗುವುದಿಲ್ಲ. ಉಳಿದವುಗಳ ಕರೆಂಟು ಸೇರಿ ಲೆಕ್ಕ ತುಂಬಿಬಿಡುತ್ತದೆ, ಹಿಂದಿನ ದೀಪ ಸತ್ತರೂ ಒಳಗೆ ಟಿಕ್ ಟಿಕ್ ಹಾಯಾಗಿ ಕೇಳುತ್ತಿರುತ್ತದೆ.

ಒಂದು ದೀಪ ಸತ್ತರೆ ಏನು ಮಹಾ ಎನ್ನುವವರು ಹಜಾರ್ಡಿನ ಲೆಕ್ಕ ಹಾಕಿ ನೋಡಬೇಕು. ಹಿಂದಿನ ಎಡದೀಪ ಹತ್ತದ ಲಾರಿ ರಾತ್ರಿ ರಸ್ತೆ ಬದಿಗೆ ಕೆಟ್ಟು ನಿಂತು ಹಜಾರ್ಡ್ ಹಾಕಿಕೊಂಡಿದೆ ಎನ್ನಿ. ಹಿಂದಿನಿಂದ ಬರುವವನಿಗೆ ಕಾಣುವುದು ಬಲಬದಿಯ ದೀಪ ಮಾತ್ರ. ಲಾರಿ ಬಲಕ್ಕೆ ಹೊರಟಿದೆ ಎಂದುಕೊಂಡು ಅವನು ಎಡಕ್ಕೆ ಎಳೆಯುತ್ತಾನೆ, ಎಂದರೆ ನಿಂತ ಲಾರಿಯ ಬೆನ್ನಿಗೇ. ಮೊದಲೇ ನಮ್ಮ ಹೆದ್ದಾರಿಯಲ್ಲಿ ಇಂಡಿಕೇಟರಿನ ಭಾಷೆ ಕಲಸುಮೇಲೋಗರ. ಎಡಕ್ಕೆ ಹಾಕಿದರೆ 'ನೀನು ಮುಂದೆ ಹೋಗು', ಬಲಕ್ಕೆ ಹಾಕಿದರೆ 'ಎದುರಿಗೆ ಗಾಡಿ ಇದೆ, ಬರಬೇಡ' ಎಂಬುದು ಲಾರಿಯವರ ನಡುವಿನ ಒಪ್ಪಂದ. ಅದು ಗೊತ್ತಿಲ್ಲದ ಕಾರಿನವನಿಗೆ ಎಡ ಎಂದರೆ ಎಡವೇ. ಸರ್ಕಲ್ಲಿನಲ್ಲಿ ನೇರ ಹೋಗಲು ಹಜಾರ್ಡ್ ಹಾಕುವವರು, ಶಿರಾಡಿ ಘಾಟಿಯ ಮಂಜಿನಲ್ಲಿ ನಾಲ್ಕೂ ಮಿಟುಕಿಸುತ್ತ ಓಡುತ್ತ ತಿರುವಿನ ಸೂಚನೆಯನ್ನೇ ಅಳಿಸಿ ಹಾಕುವವರು ಬೇರೆ. ಹಜಾರ್ಡ್ ಬೇಕಾದದ್ದು ನಿಂತ ಗಾಡಿಗೆ. ಆದರೆ ಅಲ್ಲಿ ಕಾಣುವುದು ಕಲ್ಲು ಮತ್ತು ಹೊಂಗೆ ಟೊಂಗೆ.

ನಿಂತ ಗಾಡಿಗೆ ಹಜಾರ್ಡ್ ಹಾಕದಿರುವುದಕ್ಕೆ ಬ್ಯಾಟರಿ ಇಳಿದುಹೋಗುತ್ತದೆ ಎಂಬ ಭಯ ಕಾರಣ. ಲೆಕ್ಕ ಹಾಗೆ ಹೇಳುವುದಿಲ್ಲ. 21 ವಾಟಿನ ನಾಲ್ಕು ಬಲ್ಬು ಎಂದರೆ 84 ವಾಟ್. 24 ವೋಲ್ಟಿನಲ್ಲಿ 3.5 ಆಂಪಿಯರ್. ಅರ್ಧ ಹೊತ್ತು ಆರಿರುವುದರಿಂದ ಸರಾಸರಿ 1.75. ಹತ್ತು ತಾಸು ಮಿಟುಕಿದರೂ 17.5 ಆಂಪಿಯರ್-ಅವರ್. 100 ಆಂಪಿಯರ್-ಅವರಿನ ಬ್ಯಾಟರಿ ಜೋಡಿ ಆರೋಗ್ಯವಾಗಿದ್ದರೆ ಬೆಳಗ್ಗೆ ಎಂಜಿನ್ನನ್ನೂ ಎಬ್ಬಿಸುತ್ತದೆ. ಬ್ಯಾಟರಿಯೇ ಮುದಿಯಾಗಿದ್ದರೆ ಮಾತು ಬೇರೆ, ಆಗ ಬಯ್ಯಬೇಕಾದದ್ದು ಹಜಾರ್ಡನ್ನಲ್ಲ.

ಶೆಡ್ಡಿನ ಮುಂದೆ ಆ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಎಡ ಇಂಡಿಕೇಟರ್ ಬಲದ್ದರ ತಾಳಕ್ಕೇ ಬಂದಿತ್ತು. ಮೇಸ್ತ್ರಿ ಹುಡುಗನಿಗೆ ಬಲಗಡೆಯ ಬ್ರಾಕೆಟ್ಟನ್ನೂ ಬಿಚ್ಚಲು ಹೇಳಿದ.

"ಅದು ಸರಿಯಾಗೈತಲ್ಲಣ್ಣ," ಅಂದ ಡ್ರೈವರ್.

"ಪೇಂಟರ್ ಒಬ್ನೇ ತಾನೆ? ಮಳೆ ಬರ್ಲಿ ತಡಿ, ಆಮೇಲೆ ಗೊತ್ತಾಗ್ತೈತೆ."

ಬಲಗಡೆಯದೂ ಹಾಗೇ ಇತ್ತು. ಒಂದು ಬೋಲ್ಟಿನ ಹಲ್ಲು ಬಣ್ಣ ಕೆರೆದುಕೊಂಡು ಒಳಗೆ ಹೋಗಿದ್ದರಿಂದ ಅಷ್ಟು ದಿನ ಜೀವ ಹಿಡಿದಿತ್ತು. ಅದನ್ನೂ ಉಜ್ಜಿ ಬಿಗಿದಾಯಿತು. ತೆಗೆದಿಟ್ಟಿದ್ದ ಮೂರು ಹಳೇ ಫ್ಲ್ಯಾಷರುಗಳನ್ನು ಮೇಸ್ತ್ರಿ ಒಂದೊಂದಾಗಿ ಸಿಕ್ಕಿಸಿ ನೋಡಿದ, ಮೂರೂ ಚೆನ್ನಾಗಿದ್ದವು. ಡ್ರೈವರ್ ಎರಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನ ಕೆಳಗೆ ಸೇರಿಸಿ, ಒಂದನ್ನು ಶೆಡ್ಡಿನಲ್ಲೇ ಬಿಟ್ಟ. ಲಾರಿ ಬಲ ಇಂಡಿಕೇಟರ್ ಹಾಕಿಕೊಂಡು ಮೆಲ್ಲಗೆ ರಸ್ತೆಗೆ ಏರಿತು, ನೆಟ್ಟಗಾಯಿತು, ಅರಸೀಕೆರೆ ಕಡೆಗೆ ಗೇರು ಬದಲಾಯಿಸಿತು. ಸ್ಟೇರಿಂಗ್ ನೆಟ್ಟಗಾದಾಗ ಇಂಡಿಕೇಟರಿನ ಕಡ್ಡಿಯನ್ನು ತಾನಾಗಿ ಹಿಂದಕ್ಕೆ ತಳ್ಳಬೇಕಾದ ಪ್ಲಾಸ್ಟಿಕ್ ಹಲ್ಲು ಅದರಲ್ಲಿ ಎಂದೋ ಸವೆದಿದ್ದಿರಬೇಕು. ದೂರದ ತಿರುವಿನಲ್ಲಿ ಮರೆಯಾಗುವವರೆಗೂ ಬಲಗಡೆಯ ದೀಪ ಒಂದೇ ಸಮನೆ ಮಿಟುಕುತ್ತಲೇ ಇತ್ತು.